ಡೀಸೆಲ್ ಯಂತ್ರದ ಜಲಕವಚ

ಪದಗಳು ಅರ್ಥವನ್ನು ಎರಡು ಬಗೆಯಾಗಿ ತಿಳಿಸುವುವೆಂದು ಶಾಸ್ತ್ರಕಾರರು ಹೇಳುವರು. ಪದದ ಅವಯವಗಳಿಂದ ಹೊರಡುವುದು ಯೋಗಾರ್ಥ. ಬಳಕೆಯ ಬಲದಿಂದ ನೆಲೆಗೊಂಡುದು ರೂಢ್ಯರ್ಥ. ತೈಲವೆಂಬ ಶಬ್ದಕ್ಕೆ ತಿಲದಿಂದ, ಅಂದರೆ ಎಳ್ಳಿನಿಂದ, ಹುಟ್ಟಿದುದೆಂದು ಯೋಗಾರ್ಥ. ಆದರೆ ಹರಳೆಣ್ಣೆಯನ್ನೂ ತೈಲವೆನ್ನುವುದುಂಟು; ಭೂಗರ್ಭದಿಂದ ತೆಗೆದುದನ್ನೂ ಖನಿಜತೈಲವೆನ್ನುವುದುಂಟು; ಎಳ್ಳಿನ ಸಂಬಂಧವೇನೆಂದು ಯಾರೂ ಕೇಳುವುದಿಲ್ಲ. ದರ್ಭೆಯನ್ನು ಕೊಯ್ದು ತರುವವನಿಗೆ ಸಲ್ಲುತ್ತಿದ್ದ ಕುಶಲನೆಂಬ ಹೆಸರು ಯಾವ ಕೆಲಸದಲ್ಲಿಯಾದರೂ ನಿಪುಣನಾದವನಿಗೆ ಸಂದಿತು. ರೂಢಿಯು ಯೋಗವನ್ನು ಹೀಗೆ ದಾಟಿಹೋದಾಗ ಸಾಮಾನ್ಯವಾಗಿ ಯಾರಿಗೂ ಹಾನಿಯಿಲ್ಲ. ಆದರೆ ವಸ್ತುವಿನ ಪ್ರಯೋಜನವನ್ನು ಅದರ ಹೆಸರಿನ ಯೋಗಾರ್ಥದಿಂದಲೇ ಅಳೆಯಹೊರಟರೆ ಹಾನಿಯುಂಟಾಗುವ ಸಂದರ್ಭಗಳೂ ಇವೆ. ಡೀಸೆಲ್ ಎಂಜಿನ್ನಿನ ರೇಡಿಯೇಟರಿನಲ್ಲಿ ತುಂಬುವ ದ್ರವದ ಹೆಸರು ಅಂತಹುದು.

ಆ ದ್ರವಕ್ಕೆ ಬಹುಕಾಲದಿಂದ ಆಂಟಿಫ್ರೀಜ್ ಎಂಬ ಹೆಸರು ನಡೆದುಬಂದಿದೆ. ಹೆಪ್ಪುಗಟ್ಟದಂತೆ ತಡೆಯುವುದು, ಹಿಮನಿವಾರಕ, ಎಂದು ಅದರ ಯೋಗಾರ್ಥ. ಕೂಲಂಟ್, ಎಂದರೆ ಶೀತಕ, ಎಂಬ ಹೆಸರು ಈಚೆಗೆ ಹೆಚ್ಚು ಬಳಕೆಗೆ ಬಂದಿದ್ದರೂ ಹಳೆಯ ಹೆಸರು ಬಿಟ್ಟುಹೋಗಿಲ್ಲ. ಅದನ್ನು ಕೇಳಿದವರು ಒಂದು ಪೂರ್ವಪಕ್ಷವನ್ನು ಎತ್ತುವುದುಂಟು. ಕರ್ಣಾಟಕದ ಬಯಲುಸೀಮೆಯಲ್ಲಾಗಲಿ ಕರಾವಳಿಯಲ್ಲಾಗಲಿ ನೀರು ಹೆಪ್ಪುಗಟ್ಟುವಂತಹ ಚಳಿಯಿಲ್ಲ. ಹಿಮವಿಲ್ಲದ ನಾಡಿಗೆ ಹಿಮನಿವಾರಕವೇತಕ್ಕೆ? ಬಾವಿಯ ನೀರೋ ನಲ್ಲಿಯ ನೀರೋ ಸಾಲದೆ? ಈ ವಾದವು ಕೇಳುವುದಕ್ಕೆ ಯುಕ್ತಿಯುಕ್ತವಾಗಿಯೇ ಇದೆ. ಆದರೆ ಇದನ್ನು ನಂಬಿ ಲಾರಿಗೂ ಟ್ರಾಕ್ಟರಿಗೂ ವರ್ಷಗಟ್ಟಲೆ ಬರಿಯ ನೀರನ್ನೇ ಹೊಯ್ದುಕೊಂಡು ಬಂದರೆ ಕೊನೆಗೆ ಸಿಲಿಂಡರಿನ ಗೋಡೆಯೇ ತೂತಾಗಿ, ನೀರು ಎಣ್ಣೆಯೊಡನೆ ಬೆರೆತು, ಇಡೀ ಎಂಜಿನ್ನನ್ನು ಬಿಚ್ಚಬೇಕಾಗಿ ಬರುವುದೂ ಉಂಟು. ವಾದದಲ್ಲಿ ದೋಷವೆಲ್ಲಿದೆಯೆಂಬುದನ್ನು ತಿಳಿಯಬೇಕಾದರೆ, ಆ ದ್ರವವು ಯಾವ ಶತ್ರುವನ್ನು ತಡೆಯುವುದಕ್ಕಾಗಿ ಯಂತ್ರದೊಳಕ್ಕೆ ಬಂದಿತು, ಬಂದ ಮೇಲೆ ಯಾವ ಕೆಲಸವನ್ನು ವಹಿಸಿಕೊಂಡಿತು ಎಂಬ ಚರಿತ್ರೆಯನ್ನು ನೋಡಬೇಕು.

ಈ ಚರಿತ್ರೆಯ ಆರಂಭದಲ್ಲಿಯೇ ಒಂದು ವೈಚಿತ್ರ್ಯವಿದೆ. ಈ ಬಗೆಯ ಯಂತ್ರವನ್ನು ಕಲ್ಪಿಸಿದ ರುಡಾಲ್ಫ್ ಡೀಸೆಲನು ತನ್ನ ಯಂತ್ರಕ್ಕೆ ನೀರೇ ಬೇಡವೆಂದು ಮೊದಲು ಭಾವಿಸಿದ್ದನು. ೧೮೫೮ರಲ್ಲಿ ಪ್ಯಾರಿಸಿನಲ್ಲಿ ಜರ್ಮನ್ ದಂಪತಿಗಳಿಗೆ ಹುಟ್ಟಿದ ಈತನು ಮ್ಯೂನಿಕ್ಕಿನಲ್ಲಿ ಕಾರ್ಲ್ ಲಿಂಡೆಯೆಂಬ ಆಚಾರ್ಯನಲ್ಲಿ ಶಿಷ್ಯವೃತ್ತಿಯನ್ನು ಮಾಡಿದವನು. ಲಿಂಡೆಯು ಶೈತ್ಯಯಂತ್ರಗಳ ನಿರ್ಮಾಣದಲ್ಲಿ ಲೋಕವಿಖ್ಯಾತನಾದವನು. ಡೀಸೆಲನೂ ಓದು ಮುಗಿದ ಮೇಲೆ ಪ್ಯಾರಿಸಿನಲ್ಲಿ ಹಲವು ವರ್ಷ ಗುರುವಿನ ಮಂಜುಗಡ್ಡೆಯ ಯಂತ್ರಗಳ ಉದ್ಯೋಗದಲ್ಲಿಯೇ ದುಡಿದನು. ಹೀಗೆ ಶೈತ್ಯವಿದ್ಯೆಯಲ್ಲಿ ಪಳಗಿದವನು ಉಷ್ಣಯಂತ್ರಕ್ಕೆ ತಂಪು ಬೇಡವೆಂದುದಕ್ಕೆ ಕಾರಣವು ಶಾಸ್ತ್ರೀಯವಾದುದೇ ಆಗಿದ್ದಿತು. ಅಂದಿನ ಅನಿಲಯಂತ್ರಗಳಲ್ಲಿ ಸಿಲಿಂಡರಿನ ಸುತ್ತಲೂ ನೀರು ತುಂಬಿದ ಒಂದು ಹೊದಿಕೆಯಿರುತ್ತಿದ್ದಿತು. ಅದಕ್ಕೆ ವಾಟರ್ ಜಾಕೆಟ್ಟೆಂದು ಹೆಸರು, ಜಲಕವಚವೆಂದರೆ ಸಲ್ಲುವುದು. ಉರಿಯಿಂದ ಹುಟ್ಟಿದ ಶಾಖದಲ್ಲಿ ದೊಡ್ಡದೊಂದು ಪಾಲು ಈ ನೀರಿಗೆ ಸೇರಿ ವ್ಯರ್ಥವಾಗುತ್ತಿದ್ದಿತು. ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಉರಿಸಿ ಉಷ್ಣತೆಯು ಒಂದು ಮಿತಿಯನ್ನು ಮೀರದಂತೆ ನೋಡಿಕೊಂಡರೆ ಈ ನಷ್ಟವನ್ನು ತಪ್ಪಿಸಬಹುದೆಂದು ಡೀಸೆಲನ ಗಣಿತವು ಹೇಳಿತು. ೧೮೯೨ರಲ್ಲಿ ಆತನು ಪೇಟೆಂಟಿಗೆ ಅರ್ಜಿ ಸಲ್ಲಿಸಿದುದೂ, ೧೮೯೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದುದೂ ಇಂತಹ ಯಂತ್ರವನ್ನೇ.

೧೮೯೩ರ ಬೇಸಗೆಯಲ್ಲಿ ಆಗ್ಸ್‌ಬರ್ಗಿನ ಯಂತ್ರಶಾಲೆಯಲ್ಲಿ ಮೊದಲನೆಯ ಯಂತ್ರವು ಸಿದ್ಧವಾಯಿತು. ಅದಕ್ಕೆ ಜಲಕವಚವಿರಲಿಲ್ಲ. ಆಗಸ್ಟ್ ತಿಂಗಳಲ್ಲಿ ಅದರೊಳಗೆ ಎಣ್ಣೆಯನ್ನು ಉರಿಸಿ ನೋಡಿದಾಗ ಒತ್ತಡವು ಎಣಿಕೆಯನ್ನು ಮೀರಿ ಏರಿ, ಅದನ್ನು ಅಳೆಯುವ ಉಪಕರಣವೇ ಸಿಡಿದುಹೋಯಿತು. ಉರಿ ಹುಟ್ಟುವುದೆಂಬುದು ಸಿದ್ಧವಾಯಿತು. ಆದರೆ ನೀರಿಲ್ಲದೆ ಯಂತ್ರವನ್ನು ನಡೆಸಬಹುದೆಂಬ ಭಾಗವು ನಿಲ್ಲಲಿಲ್ಲ. ಮುಂದಿನ ರೂಪದಲ್ಲಿ ಸಿಲಿಂಡರಿಗೆ ಜಲಕವಚವನ್ನು ತೊಡಿಸಬೇಕಾಯಿತು. ೧೮೯೪ರ ಫೆಬ್ರವರಿಯಲ್ಲಿ ಯಂತ್ರವು ಸುಮಾರು ಒಂದು ನಿಮಿಷದ ಕಾಲ ತಾನಾಗಿ ತಿರುಗಿತು. ೧೮೯೭ರ ಫೆಬ್ರವರಿಯಲ್ಲಿ ಮ್ಯೂನಿಕ್ಕಿನ ಪ್ರಾಧ್ಯಾಪಕ ಮೋರಿಟ್ಸ್ ಷ್ರೋಟರನು ಪರೀಕ್ಷೆ ಮಾಡಿದಾಗ, ಎಣ್ಣೆಯ ಶಾಖದಲ್ಲಿ ನೂರಕ್ಕೆ ೨೬.೨ರಷ್ಟು ಭಾಗವು ಕೆಲಸವಾಗಿ ಪರಿಣಮಿಸುವುದೆಂದು ಕಂಡುಬಂದಿತು. ಆವಿಯ ಯಂತ್ರಗಳೊಡನೆ ಹೋಲಿಸಿದರೆ ಇದು ಅದ್ಭುತವಾದ ಫಲವೇ. ನೀರನ್ನು ಬೇಡವೆಂದವನು ನೀರನ್ನು ಒಪ್ಪಿಕೊಂಡ ಮೇಲೆಯೇ ಈ ಫಲವು ದೊರೆಯಿತೆಂಬುದನ್ನು ವಾಚಕರು ಗಮನಿಸಬೇಕು.

ನೀರು ಏಕೆ ಬೇಕಾಯಿತೆಂಬುದು ಲೆಕ್ಕದಿಂದಲೇ ಸ್ಪಷ್ಟವಾಗುವುದು. ಸಿಲಿಂಡರಿನೊಳಗೆ ಎಣ್ಣೆಯುರಿಯುವ ಕ್ಷಣದಲ್ಲಿ ಅನಿಲದ ಉಷ್ಣತೆಯು ೨೦೦೦ ಸೆಂಟಿಗ್ರೇಡು ಡಿಗ್ರಿಗಳಷ್ಟಾಗಬಹುದು. ಎರಕದ ಕಬ್ಬಿಣವು ಸುಮಾರು ೧೨೦೦ ಡಿಗ್ರಿಗೆ ಕರಗುವುದು. ಅಲ್ಯೂಮಿನಿಯಮ್ಮು ೬೬೦ ಡಿಗ್ರಿಗೆ ಕರಗುವುದು. ಪಿಸ್ಟನ್ನಿಗೂ ಗೋಡೆಗೂ ನಡುವೆ ನಿಂತು ಸವೆತವನ್ನು ತಡೆಯುವ ಎಣ್ಣೆಯ ಪೊರೆಯು ಇವುಗಳಿಗಿಂತ ಬಹು ಮೊದಲೇ ಕೆಟ್ಟುಹೋಗುವುದು. ಉರಿಯು ಕ್ಷಣಿಕವಾದುದರಿಂದಲೂ, ಗೋಡೆಯ ಹಿಂದೆ ನೀರು ಸದಾ ಶಾಖವನ್ನು ಹೊತ್ತೊಯ್ಯುವುದರಿಂದಲೂ ಯಂತ್ರವು ಉಳಿದುಕೊಂಡಿರುವುದು. ಈಗಿನ ಡೀಸೆಲ್ ಎಂಜಿನ್ನುಗಳಲ್ಲಿಯೂ ಎಣ್ಣೆಯ ಶಾಖದಲ್ಲಿ ಸ್ಥೂಲವಾಗಿ ಕಾಲು ಪಾಲು, ಕೆಲವು ವೇಳೆ ಅದಕ್ಕೂ ಹೆಚ್ಚು, ಈ ಮಾರ್ಗವಾಗಿಯೇ ಹೊರಹೋಗುವುದು. ಆ ಕೆಲಸಕ್ಕೆ ನೀರಿಗಿಂತ ಉತ್ತಮವಾದ ಅಗ್ಗದ ಪದಾರ್ಥವು ಬೇರೊಂದಿಲ್ಲ. ಒಂದು ತೂಕದ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾಗುವಷ್ಟು ಶಾಖವು ಸಾಮಾನ್ಯ ದ್ರವಗಳಲ್ಲಿ ಬೇರೆ ಯಾವುದಕ್ಕೂ ಬೇಕಾಗುವುದಿಲ್ಲವೆಂದೇ ಹೇಳಬಹುದು. ಅಷ್ಟು ಶಾಖವನ್ನು ಹೊರಬಲ್ಲ ಶಕ್ತಿಯು ಅದಕ್ಕುಂಟು.

ಮೊದಲಿನ ಡೀಸೆಲ್ ಯಂತ್ರಗಳು ಒಂದೆಡೆ ನೆಲೆನಿಂತು ಕೆಲಸಮಾಡುತ್ತಿದ್ದುವು. ಅವುಗಳಿಗೆ ನೀರು ಒಂದು ಕಡೆಯಿಂದ ಬಂದು, ಬಿಸಿಯಾಗಿ, ಮತ್ತೊಂದು ಕಡೆ ಹರಿದುಹೋಗುತ್ತಿದ್ದಿತು. ಹಡಗುಗಳಲ್ಲಿ ಕಡಲೇ ನೀರಿನ ಉಗ್ರಾಣವಾಯಿತು. ೧೯೧೨ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಎಂಬ ಡೀಸೆಲ್ ನೌಕೆಯು ಕೋಪನ್‌ಹೇಗನ್ನಿನಿಂದ ಬ್ಯಾಂಗ್‌ಕಾಕಿನವರೆಗೂ ಯಾನಮಾಡಿ ಈ ಯಂತ್ರದ ಸಾಮರ್ಥ್ಯವನ್ನು ಲೋಕಕ್ಕೆ ತೋರಿಸಿತು. ಆದರೆ ಉಪ್ಪುನೀರನ್ನು ಹೆಚ್ಚು ಬಿಸಿಯಾಗಗೊಟ್ಟರೆ ಉಪ್ಪೂ ಸುಣ್ಣವೂ ಗೋಡೆಗೆ ಹತ್ತುವುವು. ಆದಕಾರಣ ಮುಂದೆ ಹಡಗುಗಳಲ್ಲಿ ಎಂಜಿನ್ನಿನೊಳಗೆ ಸಿಹಿನೀರನ್ನೇ ಸುತ್ತಿಸಿ, ಕಡಲನೀರಿನಿಂದ ಆ ಸಿಹಿನೀರನ್ನು ಹೊರಗೆ ತಣಿಸುವ ಪದ್ಧತಿಯು ಬಂದಿತು.

ಕನ್ನಡ ನಾಡಿನ ಬೇಸಾಯಗಾರರಿಗೂ ಈ ಹರಿಯುವ ನೀರಿನ ಪದ್ಧತಿಯು ಅಪರಿಚಿತವಾದುದಲ್ಲ. ಬೆಳಗಾವಿಯಲ್ಲಿ ಉದ್ಯಮವನ್ನು ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು ೧೯೪೬ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆಯನ್ನು ಸ್ಥಾಪಿಸಿದರು. ಅಂತಹ ಎಂಜಿನ್ನುಗಳು ಹಳ್ಳಿಹಳ್ಳಿಯ ಬಾವಿಗಳ ಮೇಲೆ ಕಪಿಲೆಯ ಸ್ಥಾನವನ್ನು ಆಕ್ರಮಿಸಿದುವು. ಅನೇಕ ಪಂಪುಸೆಟ್ಟುಗಳಲ್ಲಿ, ಎತ್ತಿದ ನೀರಿನಲ್ಲಿಯೇ ಸಣ್ಣದೊಂದು ಪಾಲು ಕೊಳವೆಯ ಮೂಲಕ ಎಂಜಿನ್ನಿನ ಜಲಕವಚವನ್ನು ಹೊಕ್ಕು, ಬೆಚ್ಚಗಾಗಿ ಹೊರಬಂದು ಕಾಲುವೆಗೆ ಸೇರುವುದು. ಈ ಏರ್ಪಾಡು ಸರಳವಾದುದು. ಆದರೆ ಬಾವಿಯ ನೀರು ಗಡಸಾಗಿದ್ದರೆ ಹೊಸ ನೀರಿನೊಡನೆ ಹೊಸ ಸುಣ್ಣವೂ ದಿನದಿನವೂ ಒಳಗೆ ಬರುತ್ತಿರುವುದು. ಬಚ್ಚಲಿನ ಹಂಡೆಯಲ್ಲಿ ಕಟ್ಟುವ ಬಿಳಿಯ ಹಕ್ಕಳೆಯನ್ನು ಯಾರು ಕಂಡಿಲ್ಲ? ಅದೇ ಹಕ್ಕಳೆಯು ಸಿಲಿಂಡರಿನ ಹೊರಮೈಗೂ ಕಟ್ಟುವುದು. ಅದರ ಮೂಲಕ ಶಾಖವು ಸುಲಭವಾಗಿ ಹಾಯುವುದಿಲ್ಲ. ಒಂದು ಮಿಲಿಮೀಟರು ಸುಣ್ಣದ ಪದರವು ಅದಕ್ಕಿಂತ ಎಷ್ಟೋ ಪಟ್ಟು ದಪ್ಪನಾದ ಕಬ್ಬಿಣದಷ್ಟು ಅಡ್ಡಿಯನ್ನುಂಟುಮಾಡುವುದು. ನೀರು ತುಂಬಿಯೇ ಇದ್ದರೂ ಲೋಹವು ಒಳಗೆ ಬೇಯುತ್ತಿರುವುದು.

ಯಂತ್ರವು ಗಾಲಿಗಳ ಮೇಲೆ ಏರಿದಾಗ ಹರಿದುಹೋಗುವ ನೀರಿಗೆ ಅವಕಾಶವಿಲ್ಲವಾಯಿತು. ಇದ್ದ ನೀರನ್ನೇ ಮತ್ತೆ ಮತ್ತೆ ತಣಿಸಿ ಬಳಸಬೇಕಾಯಿತು. ಈ ಸಮಸ್ಯೆಯು ಮೊದಲು ಪೆಟ್ರೋಲ್ ಮೋಟಾರುಗಳಲ್ಲಿ ಬಗೆಹರಿಯಿತು. ೧೯೦೦ರ ಕೊನೆಯಲ್ಲಿ ಸಿದ್ಧವಾದ ಮರ್ಸಿಡಿಸ್ ಗಾಡಿಗೆ ವಿಲ್ಹೆಲ್ಮ್ ಮೇಬಾಕನು ಜೇನುಹುಟ್ಟಿನಂತಹ ರೇಡಿಯೇಟರನ್ನು ರಚಿಸಿದನು. ಅದರಲ್ಲಿ ಎಂಟು ಸಾವಿರಕ್ಕೂ ಮೇಲ್ಪಟ್ಟ ಸಣ್ಣ ಕೊಳವೆಗಳಿದ್ದುವು; ಕೊಳವೆಗಳೊಳಗೆ ಗಾಳಿಯು ಹಾಯುತ್ತಿದ್ದಿತು, ಅವುಗಳ ನಡುವಣ ಸಂದುಗಳಲ್ಲಿ ನೀರು ಇಳಿಯುತ್ತಿದ್ದಿತು. ಅಲ್ಪವಾದ ನೀರಿನಿಂದಲೇ ದೊಡ್ಡ ಎಂಜಿನ್ನನ್ನು ತಣಿಸುವುದು ಇದರಿಂದ ಸಾಧ್ಯವಾಯಿತು. ೧೯೨೩-೨೪ರಲ್ಲಿ ಜರ್ಮನಿಯಲ್ಲಿ ಡೀಸೆಲ್ ಲಾರಿಗಳು ಹುಟ್ಟಿದಾಗ ಈ ರೇಡಿಯೇಟರಿನ ಪದ್ಧತಿಯೇ ಅವಕ್ಕೂ ಬಂದಿತು. ೧೯೩೬ರಲ್ಲಿ ಮರ್ಸಿಡಿಸ್ ಬೆಂಜಿನವರು ಡೀಸೆಲ್ ಕಾರನ್ನೂ ಮಾರಾಟಕ್ಕೆ ತಂದರು.

ಹೀಗೆ ನೀರು ಯಂತ್ರದಲ್ಲಿಯೇ ಉಳಿದುದರಿಂದ ಎರಡು ಫಲಗಳುಂಟಾದುವು. ಒಂದು, ಚಳಿಗಾಲದ ರಾತ್ರಿಯಲ್ಲಿ ಅದು ಅಲ್ಲಿಯೇ ಹೆಪ್ಪುಗಟ್ಟತೊಡಗಿತು. ಎರಡು, ಅದು ವರ್ಷವಿಡೀ ಲೋಹದೊಡನೆ ಸಹವಾಸಮಾಡತೊಡಗಿತು. ಮೊದಲನೆಯದು ಕಣ್ಣಿಗೆ ಕಾಣುವ ಶತ್ರು. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಸುಮಾರು ೯ರಷ್ಟು ಹಿಗ್ಗುವುದು. ಆ ಹಿಗ್ಗಿಗೆ ಎರಕದ ಕಬ್ಬಿಣವೂ ಬಿರಿಯುವುದು. ಯೂರೋಪು ಅಮೆರಿಕಗಳ ಚಾಲಕರು ನೀರಿಗೆ ಮದ್ಯಸಾರವನ್ನು ಬೆರೆಸಿದರು, ಗ್ಲಿಸರೀನನ್ನು ಬೆರೆಸಿದರು. ಮೆಥೆನಾಲೆಂಬ ಮದ್ಯಸಾರವು ೬೫ ಡಿಗ್ರಿಗೇ ಕುದಿಯುವುದಾದುದರಿಂದ ಎಂಜಿನ್ನು ಕಾದೊಡನೆ ಆವಿಯಾಗಿ ಹಾರಿಹೋಗುತ್ತಿದ್ದಿತು. ಅದನ್ನು ಪದೇ ಪದೇ ತುಂಬುತ್ತಿರಬೇಕಾಗಿದ್ದಿತು. ಎಥಿಲೀನ್ ಗ್ಲೈಕಾಲೆಂಬ ದ್ರವವು ಈ ಎಡೆಯಲ್ಲಿ ಪ್ರವೇಶಮಾಡಿತು.

ಈ ದ್ರವದ ಪೂರ್ವೋತ್ತರವೂ ಕೇಳತಕ್ಕುದೇ. ೧೮೫೬ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆಡಾಲ್ಫ್ ವುರ್ತ್ಸನು ಇದನ್ನು ಮೊದಲು ತಯಾರಿಸಿದನು. ಅರ್ಧ ಶತಮಾನಕ್ಕೂ ಮೇಲೆ ಅದು ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯಿತು. ಮೊದಲನೆಯ ಮಹಾಯುದ್ಧದಲ್ಲಿ ಸ್ಫೋಟಕಗಳ ತಯಾರಿಕೆಗೆ ಗ್ಲಿಸರೀನು ಸಾಲದಾದಾಗ ಅದರ ಪ್ರತಿನಿಧಿಯಾಗಿ ಗ್ಲೈಕಾಲು ಬಳಕೆಗೆ ಬಂದಿತು. ೧೯೨೫ರಲ್ಲಿ ಅಮೆರಿಕದ ಪಶ್ಚಿಮ ವರ್ಜೀನಿಯದಲ್ಲಿ ದೊಡ್ಡ ಪ್ರಮಾಣದ ಕಾರ್ಖಾನೆ ಎದ್ದಿತು. ೧೯೨೭ರಲ್ಲಿ ಪ್ರೆಸ್ಟೋನ್ ಎಂಬ ಹೆಸರಿನಿಂದ ಅದು ಮೋಟಾರು ಮಾಲೀಕರ ಕೈಸೇರಿತು. ಅದು ೧೯೭ ಡಿಗ್ರಿಗೆ ಕುದಿಯುವುದಾದುದರಿಂದ ರೇಡಿಯೇಟರಿನಿಂದ ಹಾರಿಹೋಗುವುದಿಲ್ಲ. ನೀರಿನೊಡನೆ ಸಮಭಾಗವಾಗಿ ಬೆರೆಸಿದರೆ ಶೂನ್ಯಕ್ಕಿಂತ ಸುಮಾರು ೩೭ ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲ. ಅಚ್ಚ ಗ್ಲೈಕಾಲು ಮಾತ್ರ ಶೂನ್ಯಕ್ಕಿಂತ ಸುಮಾರು ೧೩ ಡಿಗ್ರಿ ಕೆಳಗೇ ಹೆಪ್ಪುಗಟ್ಟುವುದು. ಎರಡೂ ಸೇರಿದಾಗ ಒಂದೊಂದಕ್ಕೆ ಇಲ್ಲದ ಗುಣವು ಹುಟ್ಟುವುದೆಂಬುದು ಇದರಿಂದ ವಿದಿತವಾಗುವುದು. ಆಂಟಿಫ್ರೀಜೆಂಬ ಹೆಸರು ಈ ದ್ರವಕ್ಕೆ ನೆಲೆಯಾಗಿ ಅಂಟಿಕೊಂಡುದು ಈ ಕಾಲದಲ್ಲಿ. ಆ ಹೊತ್ತಿಗೆ ಅದು ಅನ್ವರ್ಥವಾದ ಹೆಸರೇ ಆಗಿದ್ದಿತು.

ಗ್ಲೈಕಾಲು ಹೆಚ್ಚಾದಷ್ಟೂ ಗುಣವು ಹೆಚ್ಚೆಂಬ ಭ್ರಾಂತಿಗೂ ಚರಿತ್ರೆಯಲ್ಲಿಯೇ ಉತ್ತರವಿದೆ. ಬ್ರಿಟನ್ನಿನ ರೋಲ್ಸ್ ರಾಯ್ಸ್ ಮರ್ಲಿನ್ ಎಂಬ ವಿಮಾನದ ಎಂಜಿನ್ನಿಗೆ ಮೊದಲು ಅಚ್ಚ ಗ್ಲೈಕಾಲನ್ನೇ ತುಂಬುತ್ತಿದ್ದರು. ಮುಂದೆ ಅದನ್ನು ಬಿಟ್ಟು, ೭೦ ಭಾಗ ನೀರಿಗೆ ೩೦ ಭಾಗ ಗ್ಲೈಕಾಲನ್ನು ಬೆರೆಸಿ, ಒತ್ತಡದಲ್ಲಿಟ್ಟು ಬಳಸಿದರು. ಶಾಖವನ್ನು ಹೊರುವ ಶಕ್ತಿಯು ಗ್ಲೈಕಾಲಿಗೆ ನೀರಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಮುಚ್ಚಳವನ್ನು ಬಿಗಿದು ಒತ್ತಡವನ್ನು ಹೆಚ್ಚಿಸಿದರೆ ನೀರೇ ನೂರು ಡಿಗ್ರಿಯನ್ನು ದಾಟಿದರೂ ಕುದಿಯದೆ ನಿಲ್ಲುವುದು.

ಇನ್ನು ಎರಡನೆಯ ಶತ್ರು. ಇದು ಕಣ್ಣಿಗೆ ಕಾಣದಂತೆ ಕೆಲಸಮಾಡುವುದು. ಎಂಜಿನ್ನಿನಲ್ಲಿ ಎರಕದ ಕಬ್ಬಿಣ, ಉಕ್ಕು, ತಾಮ್ರ, ಹಿತ್ತಾಳೆ, ಸೀಸ ತವರಗಳ ಬೆಸುಗೆ, ಅಲ್ಯೂಮಿನಿಯಮ್ಮು—ಇವೆಲ್ಲವೂ ಒಂದೇ ನೀರಿನಲ್ಲಿ ಮುಳುಗಿರುವುವು. ಬೇರೆ ಬೇರೆ ಲೋಹಗಳು ಒಂದು ದ್ರವದಲ್ಲಿ ಕೂಡಿದರೆ ವಿದ್ಯುತ್ಕೋಶದ ವ್ಯಾಪಾರವು ನಡೆದು ಒಂದು ಲೋಹವು ಮತ್ತೊಂದಕ್ಕಾಗಿ ಕರಗುವುದು. ಗ್ಲೈಕಾಲು ಈ ಕೇಡನ್ನು ತಡೆಯುವುದಿಲ್ಲ. ತಡೆಯುವುದಿರಲಿ, ಶಾಖಕ್ಕೂ ಗಾಳಿಗೂ ಒಡ್ಡಿಕೊಂಡು ತಾನೇ ಆಮ್ಲವಾಗಿ ಮಾರ್ಪಟ್ಟು ಕೇಡನ್ನು ಹೆಚ್ಚಿಸುವುದು. ಆದಕಾರಣ ತಯಾರಕರು ಅದರೊಡನೆ ಬೇರೆ ದ್ರವ್ಯಗಳನ್ನು ಸೇರಿಸತೊಡಗಿದರು. ಬೋರಾಕ್ಸು, ಎಂದರೆ ಬಿಳಿಗಾರ, ಆಮ್ಲವನ್ನು ಶಮನಮಾಡುವುದು. ಫಾಸ್ಫೇಟು ಕಬ್ಬಿಣವನ್ನು ಕಾಯುವುದು. ಸಿಲಿಕೇಟು ಅಲ್ಯೂಮಿನಿಯಮ್ಮಿನ ಮೇಲೆ ಪೊರೆ ಕಟ್ಟುವುದು. ನೈಟ್ರೈಟು ಕಬ್ಬಿಣದ ಮೇಲೆ ಗಟ್ಟಿಯಾದ ಪೊರೆಯನ್ನು ನಿಲ್ಲಿಸುವುದು. ಕ್ರೋಮೇಟೆಂಬ ಲವಣವು ತುಕ್ಕನ್ನು ತಡೆಯುವುದರಲ್ಲಿ ಬಹು ಸಮರ್ಥವಾಗಿದ್ದರೂ ಮನುಷ್ಯನಿಗೂ ನೀರಿನ ನೆಲೆಗಳಿಗೂ ವಿಷವಾದುದರಿಂದ ಕ್ರಮೇಣ ಬಿಟ್ಟುಹೋಯಿತು. ಈ ದ್ರವ್ಯಗಳು ದ್ರವದಲ್ಲಿ ನೂರಕ್ಕೆ ಕೆಲವೇ ಭಾಗಗಳಷ್ಟು ಇರುವುವು. ಅವು ದಿನದಿನವೂ ವ್ಯಯವಾಗುವುವು. ಗ್ಲೈಕಾಲು ಉಳಿದಿದ್ದರೂ ಅವು ತೀರಿಹೋಗಿರಬಹುದು.

ಡೀಸೆಲ್ ಯಂತ್ರಕ್ಕೇ ವಿಶೇಷವಾದ ಮತ್ತೊಂದು ಕೇಡಿದೆ. ಅದರ ಮೂಲತತ್ತ್ವವು ಮೊದಲು ಕಂಡುಬಂದುದು ಹಡಗಿನ ಪಂಖಗಳಲ್ಲಿ. ೧೮೯೪ರಲ್ಲಿ ಚಾರ್ಲ್ಸ್ ಪಾರ್ಸನ್ಸನು ಟರ್ಬಿನಿಯಾ ಎಂಬ ನೌಕೆಯನ್ನು ನೀರಿಗಿಳಿಸಿದಾಗ ಅದು ಎಣಿಸಿದ ವೇಗವನ್ನು ಮುಟ್ಟಲಿಲ್ಲ. ಅತಿ ವೇಗವಾಗಿ ತಿರುಗುವ ಪಂಖದ ಹಿಂದೆ ನೀರಿನ ಒತ್ತಡವು ಕುಗ್ಗಿ ಆವಿಯ ಗುಳ್ಳೆಗಳು ಹುಟ್ಟುವುವೆಂದು ಪರೀಕ್ಷೆಯಿಂದ ತಿಳಿದುಬಂದಿತು. ಮುಂದೆ ಈ ಗುಳ್ಳೆಗಳು ಪಂಖದ ಲೋಹವನ್ನೂ ಕೊರೆಯುವುವೆಂದು ಕಂಡುದರಿಂದ ಲಾರ್ಡ್ ರಾಲೇ ಎಂಬ ಭೌತಶಾಸ್ತ್ರಜ್ಞನು ೧೯೧೭ರಲ್ಲಿ ಗಣಿತದಿಂದ ಅದನ್ನು ವಿಚಾರಿಸಿದನು. ದ್ರವದೊಳಗಿನ ಗುಳ್ಳೆಯೊಂದು ಕುಸಿದು ಮುಚ್ಚಿಕೊಳ್ಳುವ ಕ್ಷಣದಲ್ಲಿ ಅತ್ಯಲ್ಪ ಸ್ಥಳದಲ್ಲಿ ಅತ್ಯಂತ ಉಗ್ರವಾದ ಒತ್ತಡವು ಹುಟ್ಟುವುದೆಂದು ಆತನು ತೋರಿಸಿದನು.

ಕಡಲಿನಲ್ಲಿ ಕಂಡ ಈ ವ್ಯಾಪಾರವೇ ಲಾರಿಯ ಎಂಜಿನ್ನಿನೊಳಗೂ ನಡೆಯುವುದು. ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಪಿಸ್ಟನ್ನು ಆಡುವ ಕೊಳವೆಗೆ ಲೈನರೆಂದು ಹೆಸರು. ಅನೇಕ ಎಂಜಿನ್ನುಗಳಲ್ಲಿ ಈ ಲೈನರಿನ ಹೊರಮೈಯನ್ನು ನೀರು ನೇರವಾಗಿ ಮುಟ್ಟಿಕೊಂಡಿರುವುದು. ಎಣ್ಣೆಯುರಿದಾಗ ಪಿಸ್ಟನ್ನು ಪಕ್ಕಕ್ಕೆ ಒದೆಯುವುದು. ಲೈನರು ಗಂಟೆಯಂತೆ ಕಂಪಿಸುವುದು. ಗೋಡೆಯು ಒಳಕ್ಕೆ ಸರಿದಾಗ ನೀರಿನಲ್ಲಿ ಸೂಕ್ಷ್ಮವಾದ ಆವಿಯ ಗುಳ್ಳೆಗಳು ಹುಟ್ಟುವುವು. ಹೊರಕ್ಕೆ ಬಂದಾಗ ಅವು ಗೋಡೆಯ ಮೇಲೆಯೇ ಕುಸಿಯುವುವು. ನಿಮಿಷಕ್ಕೆ ಸಾವಿರಾರು ಸಲ ಹೀಗೆ ನಡೆದರೆ ಉಳಿಯ ಏಟು ಬಿದ್ದಂತೆ ಕಬ್ಬಿಣದಲ್ಲಿ ಸಣ್ಣ ಗುಳಿಗಳೇಳುವುವು. ಕಡೆಗೆ ಲೈನರು ತೂತಾಗುವುದು. ಇದಕ್ಕೆ ಹಿಮದ ಸಂಬಂಧವು ಲೇಶಮಾತ್ರವೂ ಇಲ್ಲ. ಗುಳ್ಳೆಯ ಏಟನ್ನು ಸಹಿಸುವ ಪೊರೆಯನ್ನು ನೈಟ್ರೈಟು ಕಟ್ಟುವುದು. ಏಟಿಗೆ ಪೊರೆ ಹರಿದರೆ ಅದು ಒಡನೆಯೇ ಮತ್ತೊಂದನ್ನು ಹೆಣೆಯುವುದು. ಆದುದರಿಂದಲೇ ಭಾರಿ ಡೀಸೆಲ್ ಎಂಜಿನ್ನುಗಳ ದ್ರವಕ್ಕೆ ಅಮೆರಿಕದ ಮಾನಕವು ಪ್ರತ್ಯೇಕ ನಿಯಮವನ್ನು ಹೇಳುವುದು: ಹತ್ತು ಲಕ್ಷ ಭಾಗ ದ್ರವದಲ್ಲಿ ನೈಟ್ರೈಟು ೧೨೦೦ ಭಾಗಕ್ಕೆ ಕಡಮೆಯಿರಕೂಡದು, ಅಥವಾ ನೈಟ್ರೈಟೂ ಮಾಲಿಬ್ಡೇಟೂ ಸೇರಿ ೭೮೦ ಭಾಗವಾದರೂ ಇರಬೇಕು, ಇಲ್ಲವಾದರೆ ಲೈನರನ್ನು ಕಾಯುವ ಶಕ್ತಿಯಿದೆಯೆಂದು ಪರೀಕ್ಷೆಯಿಂದ ತೋರಿಸಬೇಕು. ಪೆಟ್ರೋಲ್ ಕಾರಿಗೆ ಸಾಕಾದ ಕೂಲಂಟು ಲಾರಿಗೆ ಏಕೆ ಸಾಲದೆಂಬುದಕ್ಕೆ ಇದೇ ಕಾರಣ.

ಈಗ ಮೊದಲಿನ ಪೂರ್ವಪಕ್ಷಕ್ಕೆ ಸಿದ್ಧಾಂತವನ್ನು ಹೇಳುವ ಸಮಯ ಬಂದಿತು. ಇದಕ್ಕೆ ರೈಲ್ವೆಯ ಚರಿತ್ರೆಯೇ ಪ್ರಬಲವಾದ ಪ್ರಮಾಣ. ಅಮೆರಿಕದ ಉತ್ತರ ಸೀಮೆಯಲ್ಲಿ ಚಳಿಗಾಲದ ಹಿಮವು ಭಯಂಕರವಾದುದು. ಆದರೂ ಅಲ್ಲಿಯ ದೊಡ್ಡ ಡೀಸೆಲ್ ರೈಲು ಎಂಜಿನ್ನುಗಳಿಗೆ ಬಹುತೇಕ ಗ್ಲೈಕಾಲನ್ನು ಹಾಕುವುದೇ ಇಲ್ಲ. ಒಂದೊಂದಕ್ಕೂ ನೂರಾರು ಗ್ಯಾಲನ್ ನೀರು ಬೇಕು. ಗ್ಲೈಕಾಲು ಸೋರಿ ಎಣ್ಣೆಯೊಡನೆ ಬೆರೆತರೆ ಬೇರಿಂಗುಗಳು ಕೆಡುವ ಭಯವೂ ಉಂಟು. ಚಳಿಯಲ್ಲಿ ಎಂಜಿನ್ನನ್ನು ನಿಲ್ಲಿಸದೆ ತಿರುಗಿಸುತ್ತಲೇ ಇರುವರು, ಇಲ್ಲವೆ ನೀರನ್ನು ಹೊರಕ್ಕೆ ಬಿಟ್ಟುಬಿಡುವರು. ಹಿಮದ ಸೀಮೆಯಲ್ಲಿ ಹಿಮನಿವಾರಕವನ್ನು ಬಿಟ್ಟವರು ತುಕ್ಕುನಿವಾರಕವನ್ನು ಮಾತ್ರ ಎಂದೂ ಬಿಡಲಿಲ್ಲ.

ಭಾರತದಲ್ಲಿಯೂ ಹಾಗೆಯೇ ನಡೆಯಿತು. ೧೯೬೨ರಲ್ಲಿ ಅಮೆರಿಕದ ಆಲ್ಕೋ ಕಂಪೆನಿಯಿಂದ ಡಬ್ಲ್ಯು.ಡಿ.ಎಂ.೨ ಎಂಬ ವರ್ಗದ ಎಂಜಿನ್ನುಗಳು ಬಂದುವು. ೧೯೬೪ರಲ್ಲಿ ಅದೇ ವರ್ಗದ ಎಂಜಿನ್ನು ವಾರಾಣಸಿಯ ಕಾರ್ಖಾನೆಯಿಂದ ಹೊರಬಂದಿತು. ಅದರ ಜಲಕವಚಕ್ಕೂ ರೇಡಿಯೇಟರಿಗೂ ಸಾವಿರ ಲೀಟರಿಗೂ ಮಿಗಿಲಾದ ನೀರು ಬೇಕು. ೧೯೯೯ರಲ್ಲಿ ಬಂದ ಡಬ್ಲ್ಯು.ಡಿ.ಜಿ.೪ ಎಂಬ ವರ್ಗಕ್ಕೆ ಹುಬ್ಬಳ್ಳಿಯ ಷೆಡ್ಡು ನೆಲೆಯಾಯಿತು. ಇಂತಹ ಷೆಡ್ಡುಗಳಲ್ಲಿ ಶುದ್ಧಿಮಾಡಿದ ನೀರಿಗೆ ಬಿಳಿಗಾರವೂ ನೈಟ್ರೈಟೂ ಸೇರಿದ ನಿವಾರಕವನ್ನು ಬೆರೆಸಿ, ಎಂಜಿನ್ನಿನ ನೀರನ್ನು ಆಗಾಗ್ಗೆ ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವ ಪದ್ಧತಿಯು ಬೆಳೆದುಬಂದಿತು. ಹುಬ್ಬಳ್ಳಿಯಲ್ಲಿ ಹಿಮ ಬೀಳುವುದೆಂದು ಯಾರೂ ಹೇಳಲಾರರು. ಆದಕಾರಣ ಹಿಮವಿಲ್ಲದ ನಾಡಿನಲ್ಲಿ ಗ್ಲೈಕಾಲಿನ ಪಾಲು ಕಡಮೆಯಾದರೂ ಆಗಬಹುದು. ನಿವಾರಕ ದ್ರವ್ಯಗಳಿಲ್ಲದೆ ನಡೆಯದು. ಆದರೆ ಅಂಗಡಿಯಲ್ಲಿ ದೊರೆಯುವ ಕೂಲಂಟಿನಲ್ಲಿ ಎರಡೂ ಕೂಡಿಯೇ ಇರುವುವು. ಗ್ಲೈಕಾಲಿನಿಂದ ಕುದಿಯುವ ಮಟ್ಟವೂ ಮೇಲೇರುವುದರಿಂದ ಬಿಸಿಲುನಾಡಿಗೆ ಅದೂ ಉಪಕಾರವೇ.

ಕೂಲಂಟನ್ನು ಆರಿಸುವವರು ಬಣ್ಣವನ್ನು ನಂಬಕೂಡದು. ಹಸುರು, ಕೆಂಪು, ನೀಲಿ ಬಣ್ಣಗಳು ತಯಾರಕರ ಇಷ್ಟದಿಂದ ಸೇರಿದುವು. ಅವುಗಳಿಗೆ ಸರ್ವಸಮ್ಮತವಾದ ನಿಯಮವಿಲ್ಲ. ಒಳಗಿನ ದ್ರವ್ಯಗಳು ದೇಶದೇಶಕ್ಕೂ ಬೇರೆಯಾದುವು. ಯೂರೋಪಿನಲ್ಲಿ ನೀರು ಗಡಸಾದುದರಿಂದ ಫಾಸ್ಫೇಟು ಗಸಿಯಾಗಿ ಕೂಡುವುದೆಂದು ಅದನ್ನು ಬಿಟ್ಟು ಸಿಲಿಕೇಟನ್ನು ಹಿಡಿದರು. ಜಪಾನಿನವರು ಸಿಲಿಕೇಟನ್ನು ಬಿಟ್ಟು ಫಾಸ್ಫೇಟನ್ನು ಉಳಿಸಿಕೊಂಡರು. ೧೯೯೦ರ ದಶಕದಲ್ಲಿ ಸಾವಯವ ಆಮ್ಲಗಳ ಲವಣಗಳಿಂದ ಮಾಡಿದ ಹೊಸ ಬಗೆಯು ಹರಡಿತು. ಅವು ನಿಧಾನವಾಗಿ ವ್ಯಯವಾಗುವುದರಿಂದ ದೀರ್ಘಕಾಲ ಬಾಳುವುವು. ಈ ಬಗೆಗಳನ್ನು ಒಂದರೊಡನೊಂದು ಬೆರೆಸಿದರೆ ಎರಡರ ಗುಣವೂ ಕುಂದಬಹುದು. ಎಂಜಿನ್ನಿನ ಕೈಪಿಡಿಯಲ್ಲಿ ಹೇಳಿದ ಮಾನಕವು ಡಬ್ಬದ ಮೇಲೆ ಬರೆದಿದೆಯೆ ಎಂದು ನೋಡುವುದೇ ಸರಿಯಾದ ಮಾರ್ಗ.

ಬೆರೆಸುವ ನೀರಿನ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ಭಾರತದ ಕುಡಿಯುವ ನೀರಿನ ಮಾನಕವು ಲೀಟರಿಗೆ ೨೦೦ ಮಿಲಿಗ್ರಾಂ ಗಡಸನ್ನು ಸ್ವೀಕಾರಾರ್ಹವೆಂದು, ಬೇರೆ ನೀರಿಲ್ಲದಿದ್ದಲ್ಲಿ ೬೦೦ರವರೆಗೂ ಆಗಬಹುದೆಂದು ಹೇಳುವುದು. ಕ್ಲೋರೈಡಿಗೆ ೨೫೦ ಮಿಲಿಗ್ರಾಂ ಸ್ವೀಕಾರಾರ್ಹ. ಭಾರಿ ಡೀಸೆಲ್ ಎಂಜಿನ್ನುಗಳಿಗೆ ಸಾಮಾನ್ಯವಾಗಿ ವಿಧಿಸಿರುವ ಮಿತಿಯಾದರೋ ಗಡಸಿಗೆ ೧೭೦, ಕ್ಲೋರೈಡಿಗೆ ೪೦. ಮನುಷ್ಯನು ಸುಖವಾಗಿ ಕುಡಿಯಬಹುದಾದ ನೀರು ಎಂಜಿನ್ನಿಗೆ ಅಪಥ್ಯವಾಗಬಹುದೆಂಬುದು ಇದರ ತಾತ್ಪರ್ಯ. ಆದುದರಿಂದ ಬಟ್ಟಿಯಿಳಿಸಿದ ನೀರು, ಅಥವಾ ಲವಣಗಳನ್ನು ತೆಗೆದ ನೀರು, ಅಥವಾ ಕಾರ್ಖಾನೆಯಲ್ಲಿಯೇ ಬೆರೆಸಿ ಸಿದ್ಧಪಡಿಸಿದ ಕೂಲಂಟು ಉತ್ತಮ.

ಪರಿಪಾಲನೆಯಲ್ಲಿ ಮಿತಿಯೇ ಪ್ರಧಾನ. ಗ್ಲೈಕಾಲು ೬೦ ಭಾಗವನ್ನು ಮೀರಿದರೆ ತಣಿಸುವ ಶಕ್ತಿ ಕುಗ್ಗುವುದು. ನಿವಾರಕಗಳು ಅತಿಯಾದರೆ ಲೋಳೆಯಂತೆ ಹೆಪ್ಪಾಗಿ ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಮುಚ್ಚುವುವು. ಮಟ್ಟವು ಇಳಿದಾಗಲೆಲ್ಲ ಬರಿಯ ನೀರನ್ನೇ ಹೊಯ್ದರೆ ದ್ರವವು ತೆಳುವಾಗುವುದು; ಬರಿಯ ಗ್ಲೈಕಾಲನ್ನೇ ಹೊಯ್ದರೆ ಮಂದವಾಗುವುದು; ಇರುವ ಪ್ರಮಾಣದಲ್ಲಿಯೇ ಬೆರೆಸಿ ಹೊಯ್ಯಬೇಕು. ಗ್ಲೈಕಾಲಿನ ಪಾಲನ್ನು ರಿಫ್ರಾಕ್ಟೋಮೀಟರೆಂಬ ಸಣ್ಣ ದುರ್ಬೀನಿನಂತಹ ಉಪಕರಣದಿಂದಲೂ, ನಿವಾರಕಗಳ ಬಲವನ್ನು ಬಣ್ಣ ಬದಲಾಯಿಸುವ ಪರೀಕ್ಷಾಪಟ್ಟಿಯಿಂದಲೂ ತಿಳಿಯಬಹುದು. ಒಂದು ಪರೀಕ್ಷೆಯು ಇನ್ನೊಂದಕ್ಕೆ ಬದಲಾಗದು. ದ್ರವವು ತುಕ್ಕಿನ ಬಣ್ಣಕ್ಕೆ ತಿರುಗಿದರೆ, ಎಣ್ಣೆಯ ಜಿಡ್ಡು ತೇಲಿದರೆ, ಕಾರಣವನ್ನು ಹುಡುಕದೆ ಮತ್ತೆ ತುಂಬಕೂಡದು. ಕಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಕೂಡದು. ಒತ್ತಡವು ತಪ್ಪಿದೊಡನೆ ಒಳಗಿನ ನೀರು ಆವಿಯಾಗಿ ಮುಖಕ್ಕೆ ಚಿಮ್ಮುವುದು.

ಎಲ್ಲಕ್ಕಿಂತಲೂ ಹೆಚ್ಚಿನ ಎಚ್ಚರಿಕೆಯೊಂದಿದೆ. ಎಥಿಲೀನ್ ಗ್ಲೈಕಾಲಿನ ರುಚಿಯು ಸಿಹಿ. ಅದರ ಪರಿಣಾಮವು ವಿಷ. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಸುಣ್ಣದೊಡನೆ ಕೂಡಿ, ಮೂತ್ರಪಿಂಡಗಳಲ್ಲಿ ಹರಳುಗಟ್ಟಿ ಪ್ರಾಣವನ್ನೇ ತೆಗೆಯಬಲ್ಲುದು. ಬದಲಾಯಿಸಿದ ದ್ರವವನ್ನು ಅಂಗಳದಲ್ಲಿ ಚೆಲ್ಲಿದರೆ ನಾಯಿಯೂ ದನವೂ ನೆಕ್ಕುವುವು. ತಂಪುಪಾನೀಯದ ಸೀಸೆಯಲ್ಲಿ ತುಂಬಿಟ್ಟರೆ ಮಕ್ಕಳು ಕುಡಿಯುವರು. ಅದನ್ನು ಗುರುತು ಹಚ್ಚಿದ ಡಬ್ಬದಲ್ಲಿ ಕೈಗೆಟುಕದಂತೆ ಇಡಬೇಕು. ಕೆರೆ ಕಾಲುವೆಗಳಿಗೆ ಬಿಡಕೂಡದು. ಯಾರಾದರೂ ಕುಡಿದರೆಂದು ಸಂಶಯವುಂಟಾದರೆ ಲಕ್ಷಣಗಳು ಕಾಣುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸಕಾಲದಲ್ಲಿ ಕೊಟ್ಟರೆ ಇದಕ್ಕೆ ಪ್ರತ್ಯೌಷಧವುಂಟು.

ನೀರಿನಿಂದಾಗುವ ನಷ್ಟವನ್ನು ಕಂಡು ನೀರನ್ನೇ ತ್ಯಜಿಸಹೊರಟ ಡೀಸೆಲನು ಒಂದೇ ಬೇಸಗೆಯ ಪರೀಕ್ಷೆಗಳಿಂದ ತನ್ನ ಮತವನ್ನು ತಿದ್ದಿಕೊಂಡನು. ಅವನ ಯಂತ್ರವನ್ನು ಬಳಸುವವರು ಹೆಸರಿನಿಂದಾದ ಭ್ರಾಂತಿಯನ್ನು ತಿದ್ದಿಕೊಳ್ಳುವುದು ಅದಕ್ಕಿಂತ ಸುಲಭ. ಲೈನರಿನ ಗೋಡೆಯನ್ನು ಗುಳ್ಳೆಯ ಏಟಿನಿಂದಲೂ, ಬೆಸುಗೆಯನ್ನು ಆಮ್ಲದಿಂದಲೂ, ರೇಡಿಯೇಟರನ್ನು ಸುಣ್ಣದ ಹಕ್ಕಳೆಯಿಂದಲೂ ಕಾಯುವುದೇ ಈಗ ಆ ದ್ರವದ ನಿತ್ಯಕರ್ಮ. ಹಿಮನಿವಾರಣೆಯು ಚಳಿಯ ನಾಡುಗಳಿಗೆ ಸಂದ ನೈಮಿತ್ತಿಕ. ತೈಲವೆಂದಾಗ ಎಳ್ಳನ್ನು ಹುಡುಕದವರು ಆಂಟಿಫ್ರೀಜೆಂದಾಗ ಹಿಮವನ್ನು ಹುಡುಕಬೇಕಾಗಿಲ್ಲ.